ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆ: ಉದ್ದೇಶ ಮತ್ತು ರಚನೆ

ಪರಸ್ಪರ ಕಾದಾಡುತ್ತಿದ್ದ ಎರಡು ರಾಷ್ಟ್ರಗಳು, ಅಥವಾ ಒಂದೇ ರಾಷ್ಟ್ರದೊಳಗಿನ ಎರಡು ಬಣಗಳು, ಯುದ್ಧವನ್ನು ನಿಲ್ಲಿಸಲು ಒಪ್ಪಿದ ತರುವಾಯ ಆ ಒಪ್ಪಂದವು ಮುರಿದುಬೀಳದಂತೆ ಅವುಗಳ ನಡುವೆ ನಿಂತು ಕಾಯುವ ಕಾರ್ಯವನ್ನು ಶಾಂತಿಪಾಲನೆ ಎಂದು ಕರೆಯಲಾಗುತ್ತದೆ. ಈ ಕಾರ್ಯಕ್ಕಾಗಿ ನಿಯೋಜಿತರಾದ ಸೈನಿಕರು ತಿಳಿನೀಲಿ ಬಣ್ಣದ ಟೊಪ್ಪಿಗೆ ಅಥವಾ ಶಿರಸ್ತ್ರಾಣವನ್ನು ಧರಿಸುತ್ತಾರೆ. ಅವರ ವಾಹನಗಳಿಗೆ ಬಿಳಿಯ ಬಣ್ಣವಿರುತ್ತದೆ. ಮರೆಯಲ್ಲಿದ್ದು ಶತ್ರುವನ್ನು ಹೊಂಚುವುದು ಸಾಮಾನ್ಯ ಸೈನಿಕನ ಕೆಲಸವಾದರೆ, ದೂರದಿಂದಲೇ ಎಲ್ಲರ ಕಣ್ಣಿಗೆ ಬೀಳುವುದು ಶಾಂತಿಪಾಲಕನ ಕೆಲಸದ ಮೊದಲ ಭಾಗ.

ವಿಶ್ವಸಂಸ್ಥೆಗೆ ತನ್ನದೇ ಆದ ಸೈನ್ಯವೊಂದು ಇದೆಯೆಂಬ ಭಾವನೆ ಜನಸಾಮಾನ್ಯರಲ್ಲಿ ವ್ಯಾಪಕವಾಗಿದೆ. ವಾಸ್ತವವಾಗಿ ವಿಶ್ವಸಂಸ್ಥೆಯ ಬಳಿ ಅದರ ಸ್ವಂತದ ಒಬ್ಬ ಸೈನಿಕನೂ ಇಲ್ಲ. ನೀಲಿ ಟೊಪ್ಪಿಗೆಯ ಪ್ರತಿಯೊಬ್ಬ ಸೈನಿಕನೂ ಯಾವುದಾದರೊಂದು ಸದಸ್ಯ ರಾಷ್ಟ್ರದ ಸೇನೆಗೆ ಸೇರಿದವನು. ತನ್ನ ದೇಶದ ಸಮವಸ್ತ್ರವನ್ನೇ ತೊಟ್ಟು, ತನ್ನ ದೇಶದ ಸೇನಾ ಕಾನೂನಿಗೇ ಒಳಪಟ್ಟು, ನಿಗದಿತ ಅವಧಿಗೆ ವಿಶ್ವಸಂಸ್ಥೆಯ ಆಜ್ಞೆಯಡಿ ಕೆಲಸ ಮಾಡಿ ಹಿಂದಿರುಗುವವನು. ಈ ವ್ಯವಸ್ಥೆಯ ಶಕ್ತಿಯೂ ದೌರ್ಬಲ್ಯವೂ ಈ ಒಂದು ಸಂಗತಿಯಲ್ಲಿಯೇ ಅಡಗಿವೆ.

ಸನ್ನದಿನಲ್ಲಿ ಹೆಸರಿಲ್ಲದ ವ್ಯವಸ್ಥೆ

ವಿಶ್ವಸಂಸ್ಥೆಯ ಸನ್ನದಿಗೆ 1945ರ ಜೂನ್ 26ರಂದು ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಸಹಿ ಹಾಕಲಾಯಿತು. ಅದು ಅದೇ ವರ್ಷದ ಅಕ್ಟೋಬರ್ 24ರಂದು ಜಾರಿಗೆ ಬಂದಿತು. ಭಾರತವು ಆಗಿನ್ನೂ ಸ್ವತಂತ್ರವಾಗಿರಲಿಲ್ಲವಾದರೂ ಸ್ಥಾಪಕ ಸದಸ್ಯ ರಾಷ್ಟ್ರಗಳಲ್ಲಿ ಒಂದಾಗಿತ್ತು. ಭಾರತದ ನಿಯೋಗದ ನಾಯಕರಾಗಿ ಸಹಿ ಹಾಕಿದವರು ಸರ್ ಎ. ರಾಮಸ್ವಾಮಿ ಮೊದಲಿಯಾರ್; ಮರುವರ್ಷವೇ ಮೈಸೂರು ಸಂಸ್ಥಾನದ ದಿವಾನರಾಗಿ ಬಂದು, ಆ ಹುದ್ದೆಯನ್ನು ವಹಿಸಿದ ಕೊನೆಯ ದಿವಾನರೆನಿಸಿದವರು ಅವರೇ.

ಅಂತಾರಾಷ್ಟ್ರೀಯ ಶಾಂತಿ ಮತ್ತು ಭದ್ರತೆಯನ್ನು ಕಾಪಾಡುವುದೇ ಸನ್ನದಿನ ಪ್ರಥಮ ಉದ್ದೇಶವೆಂದು ಅದರ ಮೊದಲನೆಯ ವಿಧಿಯಲ್ಲಿಯೇ ಹೇಳಲಾಗಿದೆ. ಇದಕ್ಕಾಗಿ ಎರಡು ಮಾರ್ಗಗಳನ್ನು ಸೂಚಿಸಲಾಗಿದೆ. ಆರನೆಯ ಅಧ್ಯಾಯವು ಮಾತುಕತೆ, ಮಧ್ಯಸ್ಥಿಕೆ, ನ್ಯಾಯ ತೀರ್ಮಾನ ಮೊದಲಾದ ಶಾಂತಿಯುತ ಉಪಾಯಗಳನ್ನು ವಿವರಿಸುತ್ತದೆ. ಏಳನೆಯ ಅಧ್ಯಾಯವು ಆಕ್ರಮಣಕಾರಿ ರಾಷ್ಟ್ರದ ಮೇಲೆ ಆರ್ಥಿಕ ದಿಗ್ಬಂಧನ ವಿಧಿಸುವ, ಅಗತ್ಯವಾದರೆ ಸೇನಾಬಲ ಪ್ರಯೋಗಿಸುವ ಅಧಿಕಾರವನ್ನು ಭದ್ರತಾ ಸಮಿತಿಗೆ ನೀಡುತ್ತದೆ. ಸೇನಾಬಲ ಬೇಕಾದಾಗ ಸದಸ್ಯ ರಾಷ್ಟ್ರಗಳು ಮೊದಲೇ ಮಾಡಿಕೊಂಡ ವಿಶೇಷ ಒಪ್ಪಂದಗಳಂತೆ ತಮ್ಮ ಪಡೆಗಳನ್ನು ಒದಗಿಸಬೇಕೆಂದು 43ನೆಯ ವಿಧಿ ಹೇಳುತ್ತದೆ. ಆದರೆ ಅಮೆರಿಕ ಮತ್ತು ಸೋವಿಯತ್ ಒಕ್ಕೂಟಗಳ ನಡುವೆ ಶೀತಲ ಸಮರವು ತಲೆದೋರಿದ ಕಾರಣ ಅಂತಹ ಒಂದು ಒಪ್ಪಂದವೂ ಇದುವರೆಗೆ ಆಗಲಿಲ್ಲ.

ಹೀಗೆ ಬರಿಯ ಮಾತುಕತೆ ಸಾಲದ, ಬಲಪ್ರಯೋಗ ಸಾಧ್ಯವಾಗದ ಸಂದರ್ಭಗಳಿಗೆ ಒದಗಿದ ಮಧ್ಯದ ದಾರಿಯೇ ಶಾಂತಿಪಾಲನೆ. ಸನ್ನದಿನ 111 ವಿಧಿಗಳಲ್ಲಿ ಎಲ್ಲಿಯೂ ಈ ಪದವು ಕಾಣಸಿಗುವುದಿಲ್ಲ. ಎರಡನೆಯ ಮಹಾ ಕಾರ್ಯದರ್ಶಿಗಳಾಗಿದ್ದ ಸ್ವೀಡನ್ನಿನ ಡಾಗ್ ಹ್ಯಾಮರ್‌ಶೋಲ್ಡ್ ಅವರು ಇದನ್ನು ಸನ್ನದಿನ "ಆರೂವರೆಯನೆಯ ಅಧ್ಯಾಯ" ಎಂದು ವರ್ಣಿಸಿದರೆಂಬ ಮಾತು ಪ್ರಸಿದ್ಧವಾಗಿದೆ.

ಮೊದಲ ಹೆಜ್ಜೆಗಳು

ಶಾಂತಿಪಾಲನೆಯ ಆರಂಭವನ್ನು 1948ರ ಮೇ 29ರಿಂದ ಎಣಿಸುವುದು ವಾಡಿಕೆ. ಅಂದು ಭದ್ರತಾ ಸಮಿತಿಯು ಪ್ಯಾಲೆಸ್ತೀನಿನಲ್ಲಿ ಕದನವಿರಾಮವನ್ನು ಗಮನಿಸಲು ಸೇನಾ ವೀಕ್ಷಕರನ್ನು ಕಳುಹಿಸುವ ನಿರ್ಣಯವನ್ನು ಅಂಗೀಕರಿಸಿತು. ಆ ವೀಕ್ಷಕರ ಬಳಿ ಆಯುಧಗಳಿರಲಿಲ್ಲ. ಅದೇ ವರ್ಷದ ಸೆಪ್ಟೆಂಬರ್ 17ರಂದು ವಿಶ್ವಸಂಸ್ಥೆಯ ಮಧ್ಯಸ್ಥಗಾರರಾಗಿದ್ದ ಕೌಂಟ್ ಬರ್ನಡಾಟ್ ಅವರು ಜೆರುಸಲೇಮಿನಲ್ಲಿ ಹತ್ಯೆಗೀಡಾದರು. 2003ರಿಂದ ಮೇ 29ನ್ನು ಅಂತಾರಾಷ್ಟ್ರೀಯ ಶಾಂತಿಪಾಲಕರ ದಿನವನ್ನಾಗಿ ಆಚರಿಸಲಾಗುತ್ತಿದೆ.

ಎರಡನೆಯ ವೀಕ್ಷಕ ತಂಡವು 1949ರ ಜನವರಿಯಲ್ಲಿ ಜಮ್ಮು ಮತ್ತು ಕಾಶ್ಮೀರದ ಕದನವಿರಾಮ ರೇಖೆಗೆ ಬಂದಿತು. 1972ರ ಸಿಮ್ಲಾ ಒಪ್ಪಂದದ ಮೂಲಕ ಉಭಯ ರಾಷ್ಟ್ರಗಳೂ ತಮ್ಮ ವಿವಾದಗಳನ್ನು ದ್ವಿಪಕ್ಷೀಯವಾಗಿ ಬಗೆಹರಿಸಿಕೊಳ್ಳಲು ಒಪ್ಪಿರುವುದರಿಂದ ಈ ತಂಡದ ಪ್ರಸ್ತುತತೆ ಮುಗಿದಿದೆ ಎಂಬುದು ಭಾರತದ ನಿಲುವು. ಅದನ್ನು ರದ್ದುಪಡಿಸುವ ಅಧಿಕಾರ ಭದ್ರತಾ ಸಮಿತಿಗೆ ಮಾತ್ರ ಇದೆ ಎಂಬುದು ವಿಶ್ವಸಂಸ್ಥೆಯ ನಿಲುವು.

ಸೂಯೆಜ್ ಬಿಕ್ಕಟ್ಟು ಮತ್ತು ನೀಲಿ ಶಿರಸ್ತ್ರಾಣ

ವೀಕ್ಷಕರ ಸಣ್ಣ ತಂಡಗಳಿಂದ ಮುಂದೆ ಸಾಗಿ ಶಸ್ತ್ರಸಜ್ಜಿತ ಪಡೆಯೊಂದು ಮೊತ್ತಮೊದಲಿಗೆ ರೂಪುಗೊಂಡದ್ದು 1956ರಲ್ಲಿ. ಆ ವರ್ಷದ ಜುಲೈ 26ರಂದು ಈಜಿಪ್ಟಿನ ಅಧ್ಯಕ್ಷ ನಾಸೆರ್ ಅವರು ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಣಗೊಳಿಸಿದರು. ಅಕ್ಟೋಬರ್ ಕೊನೆಯಲ್ಲಿ ಇಸ್ರೇಲ್, ಅದರ ಬೆನ್ನಲ್ಲೇ ಬ್ರಿಟನ್ ಮತ್ತು ಫ್ರಾನ್ಸ್, ಈಜಿಪ್ಟಿನ ಮೇಲೆ ದಾಳಿ ಮಾಡಿದವು. ಬ್ರಿಟನ್ ಮತ್ತು ಫ್ರಾನ್ಸ್ ಎರಡೂ ಭದ್ರತಾ ಸಮಿತಿಯ ಖಾಯಂ ಸದಸ್ಯರಾದುದರಿಂದ ತಮ್ಮ ವೀಟೋ ಅಧಿಕಾರವನ್ನು ಬಳಸಿದವು, ಸಮಿತಿಯು ನಿಷ್ಕ್ರಿಯವಾಯಿತು. ಆಗ ಸಾಮಾನ್ಯ ಸಭೆಯ ತುರ್ತು ವಿಶೇಷ ಅಧಿವೇಶನವನ್ನು ಕರೆಯಲಾಯಿತು. ಕೆನಡಾದ ವಿದೇಶಾಂಗ ಸಚಿವ ಲೆಸ್ಟರ್ ಪಿಯರ್‌ಸನ್ ಅವರು ಮಂಡಿಸಿದ ಸಲಹೆಯಂತೆ, ಕದನವಿರಾಮವನ್ನು ಜಾರಿಗೊಳಿಸಿ ನೋಡಿಕೊಳ್ಳುವ ಅಂತಾರಾಷ್ಟ್ರೀಯ ಪಡೆಯೊಂದರ ಯೋಜನೆಯನ್ನು 48 ಗಂಟೆಗಳೊಳಗೆ ಸಿದ್ಧಪಡಿಸುವಂತೆ ಸಭೆಯು ಹ್ಯಾಮರ್‌ಶೋಲ್ಡ್ ಅವರನ್ನು ಕೋರಿತು. ಅವರು ಸಿದ್ಧಪಡಿಸಿದರು. ಪಿಯರ್‌ಸನ್ ಅವರಿಗೆ 1957ರಲ್ಲಿ ನೊಬೆಲ್ ಶಾಂತಿ ಪಾರಿತೋಷಕ ದೊರೆಯಿತು.

ಆ ಎರಡು ದಿನಗಳ ಅವಸರದಲ್ಲಿ ರೂಪುಗೊಂಡ ನಿಯಮಗಳೇ ಬಹುಮಟ್ಟಿಗೆ ಇಂದಿಗೂ ಶಾಂತಿಪಾಲನೆಯ ಬುನಾದಿಯಾಗಿವೆ. ಐದು ಖಾಯಂ ಸದಸ್ಯ ರಾಷ್ಟ್ರಗಳ ಸೈನಿಕರನ್ನು ಆ ಪಡೆಗೆ ಸೇರಿಸಿಕೊಳ್ಳಲಿಲ್ಲ. ಭಾರತ, ಬ್ರೆಜಿಲ್, ಕೆನಡಾ, ಯುಗೋಸ್ಲಾವಿಯ, ಇಂಡೋನೇಷ್ಯ, ಸ್ವೀಡನ್ ಮೊದಲಾದ ಹತ್ತು ರಾಷ್ಟ್ರಗಳು ಪಡೆಗಳನ್ನು ಒದಗಿಸಿದವು. ಒಟ್ಟು ಬಲ ಸುಮಾರು 6,000. ಕೆನಡಾ ಕಳುಹಿಸಲು ಹೊರಟ ತುಕಡಿಯ ಹೆಸರು "ಕ್ವೀನ್ಸ್ ಓನ್ ರೈಫಲ್ಸ್" ಎಂದಿತ್ತು. ಅದರ ಸಮವಸ್ತ್ರವೂ ಬ್ರಿಟಿಷರದನ್ನೇ ಹೋಲುತ್ತಿತ್ತು. ತಮ್ಮ ಮೇಲೆ ಬಾಂಬು ಹಾಕಿದವರ ವೇಷದಲ್ಲಿಯೇ ಶಾಂತಿಪಾಲಕರೂ ಬಂದರೆ ಜನರು ಹೇಗೆ ಗುರುತಿಸಬೇಕು ಎಂಬುದು ಈಜಿಪ್ಟಿನ ಆಕ್ಷೇಪವಾಗಿತ್ತು. ಎಲ್ಲರಿಗೂ ಸಮಾನವಾದ ಗುರುತೊಂದು ಬೇಕಾಯಿತು. ನೀಲಿ ಟೊಪ್ಪಿಗೆಗಳನ್ನು ಹೊಲಿಸಲು ಸಮಯವಿರಲಿಲ್ಲ. ಆದುದರಿಂದ ಅಮೆರಿಕದ ಸೇನೆಯಲ್ಲಿ ಹೆಚ್ಚುವರಿಯಾಗಿದ್ದ ಶಿರಸ್ತ್ರಾಣಗಳ ಒಳಕವಚಗಳಿಗೆ ನೀಲಿ ಬಣ್ಣವನ್ನು ಸಿಂಪಡಿಸಿ ಹಂಚಲಾಯಿತು. ಜಗತ್ತಿಗೆಲ್ಲ ಪರಿಚಿತವಾದ ಲಾಂಛನವು ಹುಟ್ಟಿದ ಬಗೆ ಇದು.

ಈ ಪಡೆಯು ಹತ್ತು ವರ್ಷಕ್ಕೂ ಮಿಗಿಲಾಗಿ ಗಾಜಾ ಮತ್ತು ಸಿನಾಯ್ ಗಡಿಯನ್ನು ಕಾಯಿತು. ಇಸ್ರೇಲ್ ತನ್ನ ನೆಲದಲ್ಲಿ ಅದಕ್ಕೆ ಅವಕಾಶ ಕೊಡಲಿಲ್ಲವಾದ ಕಾರಣ ಅದು ಈಜಿಪ್ಟಿನ ಕಡೆಯಲ್ಲಿ ಮಾತ್ರ ಬೀಡುಬಿಟ್ಟಿತ್ತು. ಎಂದರೆ ಅದರ ಅಸ್ತಿತ್ವವು ಈಜಿಪ್ಟ್ ಒಂದರ ಸಮ್ಮತಿಯನ್ನೇ ಅವಲಂಬಿಸಿತ್ತು. 1967ರ ಮೇ ತಿಂಗಳಲ್ಲಿ ನಾಸೆರ್ ಆ ಸಮ್ಮತಿಯನ್ನು ಹಿಂತೆಗೆದುಕೊಂಡರು. ಆಗಿನ ಮಹಾ ಕಾರ್ಯದರ್ಶಿ ಊ ಥಾಂಟ್ ಅವರು ಪಡೆಯನ್ನು ಹಿಂದಕ್ಕೆ ಕರೆಯಿಸಿದರು. ಈ ತೀರ್ಮಾನಕ್ಕಾಗಿ ಅವರನ್ನು ಕಟುವಾಗಿ ಟೀಕಿಸಿದವರು ಅನೇಕರು. ಆದರೆ ಆತಿಥೇಯ ರಾಷ್ಟ್ರವು ಬೇಡವೆಂದ ಮೇಲೆ ಅಲ್ಲಿಯೇ ಉಳಿಯುವ ಅಧಿಕಾರವನ್ನು ಅವರಿಗೆ ಯಾರೂ ಕೊಟ್ಟಿರಲಿಲ್ಲ ಎಂಬುದನ್ನು ಟೀಕಾಕಾರರು ಮರೆತಂತೆ ತೋರುತ್ತದೆ. ಜೂನ್ 5ರಂದು ಯುದ್ಧ ಆರಂಭವಾದಾಗ ಪಡೆಯ ಎಲ್ಲರೂ ಇನ್ನೂ ತೆರಳಿರಲಿಲ್ಲ. ಗಾಜಾದಲ್ಲಿ ಗುಂಡಿನ ದಾಳಿಗೆ ಸಿಲುಕಿ ಮಡಿದವರಲ್ಲಿ ಭಾರತದ ಸೈನಿಕರೂ ಇದ್ದರು. ಪಡೆಯ ಕೊನೆಯ ದಂಡನಾಯಕರೂ ಭಾರತೀಯರೇ, ಮೇಜರ್ ಜನರಲ್ ಇಂದರ್ ಜಿತ್ ರಿಖೆ.

ಮೂರು ಮೂಲತತ್ತ್ವಗಳು

ಸಂಬಂಧಪಟ್ಟ ಪಕ್ಷಗಳ ಸಮ್ಮತಿ, ನಿಷ್ಪಕ್ಷಪಾತ, ಮತ್ತು ಆತ್ಮರಕ್ಷಣೆಗೆ ಅಥವಾ ವಹಿಸಿದ ಕಾರ್ಯದ ರಕ್ಷಣೆಗೆ ಹೊರತು ಬಲಪ್ರಯೋಗ ಮಾಡದಿರುವುದು ಶಾಂತಿಪಾಲನೆಯ ಮೂರು ಮೂಲತತ್ತ್ವಗಳು. ಇವು ಒಂದನ್ನೊಂದು ಆಧರಿಸಿವೆ. ಪಕ್ಷಪಾತ ತೋರಿದರೆ ಸಮ್ಮತಿ ಹೋಗುತ್ತದೆ. ಸಮ್ಮತಿ ಹೋದರೆ ಬಲಪ್ರಯೋಗದ ಪ್ರಸಂಗ ಬರುತ್ತದೆ. ನಿಷ್ಪಕ್ಷಪಾತವೆಂದರೆ ಏನು ನಡೆದರೂ ಸುಮ್ಮನಿರುವುದೆಂದು ಅರ್ಥವಲ್ಲ. ಒಪ್ಪಂದವನ್ನು ಮುರಿದವರು ಯಾರೇ ಆಗಿರಲಿ, ಅದನ್ನು ಎತ್ತಿ ಹೇಳುವುದೂ ತಡೆಯುವುದೂ ಅದರಲ್ಲಿ ಸೇರಿದೆ. ಈ ವ್ಯತ್ಯಾಸವು ಕಾಗದದ ಮೇಲೆ ಸ್ಪಷ್ಟವಾಗಿದ್ದರೂ ಕ್ಷೇತ್ರದಲ್ಲಿ ಎಷ್ಟು ದುಬಾರಿಯಾಗಿ ಪರಿಣಮಿಸಿತೆಂಬುದನ್ನು ಮುಂದೆ ನೋಡಬಹುದು.

ರಚನೆ ಮತ್ತು ಆಡಳಿತ

ಶಾಂತಿಪಾಲನಾ ಕಾರ್ಯಾಚರಣೆಯೊಂದನ್ನು ಸ್ಥಾಪಿಸುವ ಅಧಿಕಾರವು ಸಾಮಾನ್ಯವಾಗಿ ಭದ್ರತಾ ಸಮಿತಿಗೆ ಸೇರಿದೆ. ಸಮಿತಿಯಲ್ಲಿ 15 ಸದಸ್ಯರಿದ್ದಾರೆ. ಅಮೆರಿಕ, ರಷ್ಯ, ಚೀನ, ಬ್ರಿಟನ್ ಮತ್ತು ಫ್ರಾನ್ಸ್ ಖಾಯಂ ಸದಸ್ಯರು. ಉಳಿದ ಹತ್ತು ಸದಸ್ಯರನ್ನು ಸಾಮಾನ್ಯ ಸಭೆಯು ಎರಡು ವರ್ಷಗಳ ಅವಧಿಗೆ ಚುನಾಯಿಸುತ್ತದೆ. ನಿರ್ಣಯವು ಅಂಗೀಕಾರವಾಗಲು 9 ಮತಗಳು ಬೇಕು, ಮತ್ತು ಖಾಯಂ ಸದಸ್ಯರಲ್ಲಿ ಯಾರೂ ವಿರೋಧಿಸಿ ಮತ ಹಾಕಿರಬಾರದು. ಪಡೆಯು ಏನು ಮಾಡತಕ್ಕದ್ದು, ಎಷ್ಟು ಮಂದಿ ಇರತಕ್ಕದ್ದು, ಎಷ್ಟು ಕಾಲ ಇರತಕ್ಕದ್ದು ಎಂಬುದೆಲ್ಲವನ್ನೂ ಈ ನಿರ್ಣಯದಲ್ಲಿಯೇ ಹೇಳಲಾಗಿರುತ್ತದೆ. ಇದಕ್ಕೆ ಕಾರ್ಯಾದೇಶವೆನ್ನಬಹುದು.

ಕಾರ್ಯಾದೇಶವನ್ನು ನೆರವೇರಿಸುವ ಹೊಣೆ ಮಹಾ ಕಾರ್ಯದರ್ಶಿಗಳದು. ನ್ಯೂಯಾರ್ಕಿನ ಸಚಿವಾಲಯದಲ್ಲಿ ಇದಕ್ಕಾಗಿ ಪ್ರತ್ಯೇಕ ಇಲಾಖೆಯೊಂದು 1992ರಲ್ಲಿ ಸ್ಥಾಪಿತವಾಯಿತು. 2019ರ ಪುನರ್ರಚನೆಯ ಬಳಿಕ ಅದನ್ನು ಶಾಂತಿ ಕಾರ್ಯಾಚರಣೆಗಳ ಇಲಾಖೆ ಎಂದು ಕರೆಯಲಾಗುತ್ತದೆ. ಕ್ಷೇತ್ರದಲ್ಲಿ, ದೊಡ್ಡ ಕಾರ್ಯಾಚರಣೆಗಳಿಗೆ ಮಹಾ ಕಾರ್ಯದರ್ಶಿಗಳ ವಿಶೇಷ ಪ್ರತಿನಿಧಿಯು ಮುಖ್ಯಸ್ಥರಾಗಿರುತ್ತಾರೆ. ಈ ಹುದ್ದೆ ಸೇನೆಗೆ ಸೇರಿದುದಲ್ಲ. ಸೇನಾ ವಿಭಾಗದ ದಂಡನಾಯಕರೂ ಪೊಲೀಸ್ ವಿಭಾಗದ ಆಯುಕ್ತರೂ ಅವರ ಕೈಕೆಳಗೆ ಕೆಲಸ ಮಾಡುತ್ತಾರೆ. ಚುನಾವಣೆ, ಮಾನವ ಹಕ್ಕು, ನೆಲಬಾಂಬು ನಿವಾರಣೆ ಮೊದಲಾದ ಕೆಲಸಗಳಿಗೆ ಅಸೈನಿಕ ಸಿಬ್ಬಂದಿಯೂ ಇರುತ್ತಾರೆ.

ಸೈನಿಕರನ್ನು ಒದಗಿಸುವ ರಾಷ್ಟ್ರಕ್ಕೂ ವಿಶ್ವಸಂಸ್ಥೆಗೂ ನಡುವೆ ತಿಳಿವಳಿಕೆ ಪತ್ರವೊಂದು ಆಗುತ್ತದೆ. ಎಷ್ಟು ಮಂದಿ, ಯಾವ ವಾಹನ, ಎಷ್ಟು ಗುಡಾರ, ಅಡುಗೆಯ ಏರ್ಪಾಟು ಯಾರದು ಎಂಬ ವಿವರಗಳು ಅದರಲ್ಲಿರುತ್ತವೆ. ದಿನನಿತ್ಯದ ಕಾರ್ಯಾಚರಣೆಯಲ್ಲಿ ಪಡೆಯು ವಿಶ್ವಸಂಸ್ಥೆಯ ದಂಡನಾಯಕರ ಆಜ್ಞೆಯನ್ನು ಪಾಲಿಸತಕ್ಕದ್ದು. ಆದರೆ ಶಿಸ್ತಿನ ಕ್ರಮ ಕೈಗೊಳ್ಳುವ ಅಧಿಕಾರ ಸ್ವದೇಶದ್ದೇ. ಶಾಂತಿಪಾಲಕರಿಂದಲೇ ಸ್ಥಳೀಯ ಮಹಿಳೆಯರ ಮೇಲೆ ದೌರ್ಜನ್ಯ ನಡೆದ ದೂರುಗಳು ಹಲವು ಕಾರ್ಯಾಚರಣೆಗಳಲ್ಲಿ ಬಂದಿವೆ. ತಪ್ಪಿತಸ್ಥನನ್ನು ಮನೆಗೆ ಕಳುಹಿಸುವುದಕ್ಕಿಂತ ಹೆಚ್ಚಿನದನ್ನು ವಿಶ್ವಸಂಸ್ಥೆಯು ತಾನಾಗಿ ಮಾಡಲಾರದಿರುವುದು ಈ ವ್ಯವಸ್ಥೆಯ ದೊಡ್ಡ ಕೊರತೆ.

ಖರ್ಚುವೆಚ್ಚ

ಶಾಂತಿಪಾಲನೆಯ ವೆಚ್ಚವನ್ನು ಎಲ್ಲ 193 ಸದಸ್ಯ ರಾಷ್ಟ್ರಗಳೂ ಹಂಚಿಕೊಳ್ಳಬೇಕು. ಹಂಚಿಕೆಯ ಪ್ರಮಾಣವನ್ನು ಸಾಮಾನ್ಯ ಸಭೆಯು ನಿಗದಿಪಡಿಸುತ್ತದೆ. ಖಾಯಂ ಸದಸ್ಯ ರಾಷ್ಟ್ರಗಳ ಹೊರೆ ಅವುಗಳ ಸಾಮಾನ್ಯ ವಂತಿಗೆಯ ಪ್ರಮಾಣಕ್ಕಿಂತ ಹೆಚ್ಚಾಗಿರುತ್ತದೆ. 1960ರ ದಶಕದಲ್ಲಿ ಸೋವಿಯತ್ ಒಕ್ಕೂಟ, ಫ್ರಾನ್ಸ್ ಮೊದಲಾದ ರಾಷ್ಟ್ರಗಳು ಈ ವೆಚ್ಚವನ್ನು ಕೊಡಲು ನಿರಾಕರಿಸಿದವು. ಇದು ಸಂಸ್ಥೆಯ ನ್ಯಾಯಸಮ್ಮತ ವೆಚ್ಚವೇ ಆಗಿದೆಯೆಂದು ಅಂತಾರಾಷ್ಟ್ರೀಯ ನ್ಯಾಯಾಲಯವು 1962ರ ಜುಲೈನಲ್ಲಿ ಸಲಹಾ ಅಭಿಪ್ರಾಯ ನೀಡಿತಾದರೂ ಹಣ ಬರಲಿಲ್ಲ.

2024-25ನೆಯ ಸಾಲಿಗೆ ಮಂಜೂರಾದ ಮೊತ್ತ ಸುಮಾರು 560 ಕೋಟಿ ಡಾಲರು. ಸೈನಿಕನೊಬ್ಬನಿಗೆ ತಿಂಗಳಿಗೆ ಇಷ್ಟೆಂದು ವಿಶ್ವಸಂಸ್ಥೆಯು ಮರುಪಾವತಿ ಮಾಡುತ್ತದೆ. 2018ರಲ್ಲಿ ಈ ದರ 1,428 ಡಾಲರು ಎಂದು ನಿಗದಿಯಾಗಿತ್ತು. ಇದು ಸಲ್ಲುವುದು ಸೈನಿಕನಿಗಲ್ಲ, ಅವನ ಸರ್ಕಾರಕ್ಕೆ. ವಂತಿಗೆ ಬಾಕಿ ಉಳಿದಾಗ ಈ ಮರುಪಾವತಿಯೂ ತಡವಾಗುತ್ತದೆ. ಹಣ ಕೊಡುವ ರಾಷ್ಟ್ರಗಳು ಬೇರೆ, ಸೈನಿಕರನ್ನು ಕೊಡುವ ರಾಷ್ಟ್ರಗಳು ಬೇರೆ, ಕಾರ್ಯಾದೇಶ ಬರೆಯುವ ರಾಷ್ಟ್ರಗಳು ಬೇರೆ ಎಂಬುದು ಭಾರತವು ಹಲವು ಬಾರಿ ಎತ್ತಿರುವ ಆಕ್ಷೇಪ. ಪಡೆ ಒದಗಿಸುವ ರಾಷ್ಟ್ರವು ಸಮಿತಿಯ ಸದಸ್ಯನಲ್ಲದಿದ್ದರೂ ಅದರ ಪಡೆಯ ಬಳಕೆ ಕುರಿತ ತೀರ್ಮಾನದಲ್ಲಿ ಅದಕ್ಕೆ ಆಹ್ವಾನವಿರಬೇಕೆಂಬ 44ನೆಯ ವಿಧಿಯನ್ನು ಭಾರತದ ಪ್ರತಿನಿಧಿಗಳು ಈ ಸಂದರ್ಭದಲ್ಲಿ ನೆನಪಿಸುತ್ತಾರೆ.

ಭಾರತದ ಪಾಲು, ಜನರಲ್ ತಿಮ್ಮಯ್ಯ

ಭಾರತವು 2025ರ ವೇಳೆಗೆ ಸುಮಾರು 50 ಕಾರ್ಯಾಚರಣೆಗಳಲ್ಲಿ 2,90,000ಕ್ಕೂ ಹೆಚ್ಚು ಮಂದಿಯನ್ನು ತೊಡಗಿಸಿದೆ. ಕರ್ತವ್ಯದಲ್ಲಿ ಮಡಿದ ಭಾರತೀಯರ ಸಂಖ್ಯೆ ಸುಮಾರು 180; ಬೇರಾವ ರಾಷ್ಟ್ರವೂ ಇಷ್ಟು ಮಂದಿಯನ್ನು ಕಳೆದುಕೊಂಡಿಲ್ಲ. ಕಾಂಗೋದಲ್ಲಿ 1961ರ ಡಿಸೆಂಬರ್ 5ರಂದು ಎಲಿಜಬೆತ್‌ವಿಲ್ ಬಳಿ ಶತ್ರುಗಳ ತಡೆಯನ್ನು ಭೇದಿಸುತ್ತ ಮಡಿದ ಕ್ಯಾಪ್ಟನ್ ಗುರ್‌ಬಚನ್ ಸಿಂಗ್ ಸಲಾರಿಯಾ ಅವರಿಗೆ ಮರಣೋತ್ತರವಾಗಿ ಪರಮವೀರ ಚಕ್ರ ದೊರೆಯಿತು. 2007ರಲ್ಲಿ ಲೈಬೀರಿಯಾಕ್ಕೆ ಕಳುಹಿಸಿದ, ನೂರಕ್ಕೂ ಹೆಚ್ಚು ಮಹಿಳೆಯರಿದ್ದ ಪೊಲೀಸ್ ತುಕಡಿಯು ಜಗತ್ತಿನಲ್ಲಿಯೇ ಈ ಬಗೆಯ ಮೊದಲನೆಯದು.

ಕನ್ನಡ ನಾಡಿಗೆ ಸಂಬಂಧಿಸಿದಂತೆ ಎಲ್ಲಕ್ಕಿಂತ ಮೊದಲು ನೆನಪಾಗುವ ಹೆಸರು 1906ರಲ್ಲಿ ಕೊಡಗಿನ ಮಡಿಕೇರಿಯಲ್ಲಿ ಜನಿಸಿದ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ ಅವರದು. 1953ರಲ್ಲಿ ಕೊರಿಯಾ ಯುದ್ಧ ನಿಂತಾಗ ಸ್ವದೇಶಕ್ಕೆ ಮರಳಲು ಒಪ್ಪದ 22,000ಕ್ಕೂ ಹೆಚ್ಚು ಯುದ್ಧಕೈದಿಗಳ ಭವಿಷ್ಯವನ್ನು ತಟಸ್ಥ ರಾಷ್ಟ್ರಗಳ ಆಯೋಗವೊಂದಕ್ಕೆ ಒಪ್ಪಿಸಲಾಯಿತು. ತಿಮ್ಮಯ್ಯನವರು ಅದರ ಅಧ್ಯಕ್ಷರು. ಕೈದಿಗಳನ್ನು ಕಾಯಲು ಮೇಜರ್ ಜನರಲ್ ಥೋರಟ್ ಅವರ ನೇತೃತ್ವದಲ್ಲಿ ಭಾರತದ ಪಡೆ ಹೋಯಿತು. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಅವರು ಭಾರತೀಯ ಸೈನಿಕರು ತಮ್ಮ ನೆಲದ ಮೇಲೆ ಕಾಲಿಡಲು ಒಪ್ಪದ ಕಾರಣ ಅವರನ್ನು ಹಡಗಿನಿಂದ ನೇರವಾಗಿ ಹೆಲಿಕಾಪ್ಟರುಗಳಲ್ಲಿ ಗಡಿಯ ನಿಶ್ಶಸ್ತ್ರ ವಲಯಕ್ಕೆ ಸಾಗಿಸಬೇಕಾಯಿತು. ಈ ಆಯೋಗವು ಕದನವಿರಾಮ ಒಪ್ಪಂದದಿಂದ ಹುಟ್ಟಿದ್ದೇ ಹೊರತು ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯಾಗಿರಲಿಲ್ಲ. ಆದರೂ ಎರಡು ಕಡೆಯವರ ಸಂಶಯದ ನಡುವೆ ನಿಂತು ಕೆಲಸ ಮಾಡುವುದು ಹೇಗೆಂಬುದರ ಪಾಠ ಅಲ್ಲಿ ದೊರೆಯಿತು.

ಭೂಸೇನೆಯ ಮುಖ್ಯಸ್ಥರಾಗಿ ನಿವೃತ್ತರಾದ ಬಳಿಕ 1964ರ ಮಧ್ಯದಲ್ಲಿ ತಿಮ್ಮಯ್ಯನವರು ಸೈಪ್ರಸ್ ದ್ವೀಪದ ಶಾಂತಿಪಾಲನಾ ಪಡೆಯ ದಂಡನಾಯಕರಾದರು. ಗ್ರೀಕ್ ಮತ್ತು ತುರ್ಕಿ ಭಾಷಿಕರ ನಡುವೆ ಅಲ್ಲಿ 1963ರ ಡಿಸೆಂಬರಿನಲ್ಲಿ ಗಲಭೆ ಹೊತ್ತಿಕೊಂಡಿತ್ತು. ರಾಜಧಾನಿ ನಿಕೋಸಿಯಾದ ನಕ್ಷೆಯ ಮೇಲೆ ಬ್ರಿಟಿಷ್ ಸೇನಾಧಿಕಾರಿಯೊಬ್ಬರು ಹಸಿರು ಪೆನ್ಸಿಲಿನಿಂದ ಗೆರೆ ಎಳೆದು ಎರಡು ಕಡೆಯವರನ್ನು ಬೇರ್ಪಡಿಸಿದ್ದರು; ಅದಕ್ಕೆ "ಹಸಿರು ಗೆರೆ" ಎಂದೇ ಹೆಸರಾಯಿತು. ಮೊದಲಿಗೆ ಮೂರೇ ತಿಂಗಳ ಅವಧಿಗೆಂದು 1964ರ ಮಾರ್ಚಿನಲ್ಲಿ ಈ ಪಡೆಯನ್ನು ಮಂಜೂರು ಮಾಡಲಾಗಿತ್ತು. ತಿಮ್ಮಯ್ಯನವರು 1965ರ ಡಿಸೆಂಬರ್ 18ರಂದು ಕರ್ತವ್ಯದಲ್ಲಿರುವಾಗಲೇ ಸೈಪ್ರಸ್‌ನಲ್ಲಿ ಹೃದಯಾಘಾತದಿಂದ ನಿಧನರಾದರು. ಮರುವರ್ಷ ಸೈಪ್ರಸ್ ಸರ್ಕಾರವು ಅವರ ನೆನಪಿಗೆ ಅಂಚೆಚೀಟಿಯನ್ನು ಹೊರಡಿಸಿತು. ಮಡಿಕೇರಿಯ ಅವರ ಮನೆ "ಸನ್ನಿ ಸೈಡ್" 2021ರಿಂದ ವಸ್ತುಸಂಗ್ರಹಾಲಯವಾಗಿದೆ.

ಅವರ ತರುವಾಯವೂ ಆ ಪಡೆ ಹಿಂದಿರುಗಲಿಲ್ಲ. 1974ರಲ್ಲಿ ಕ್ಷಿಪ್ರಕ್ರಾಂತಿ ನಡೆದು ತುರ್ಕಿಯ ಸೇನೆ ದ್ವೀಪಕ್ಕೆ ಇಳಿದಾಗ ಅದನ್ನು ತಡೆಯುವ ಬಲವಾಗಲಿ ಆದೇಶವಾಗಲಿ ಪಡೆಗೆ ಇರಲಿಲ್ಲ. ಅಂದಿನಿಂದ ದ್ವೀಪದ ಅಡ್ಡಕ್ಕೆ ಸುಮಾರು 180 ಕಿಲೋಮೀಟರ್ ಉದ್ದದ ತಟಸ್ಥ ವಲಯವು ಹಬ್ಬಿದೆ. ಹಳೆಯ ನಿಕೋಸಿಯಾದಲ್ಲಿ ಅದರ ಅಗಲ ಕೆಲವೇ ಮೀಟರುಗಳು. ಬಯಲಿನಲ್ಲಿ ಕೆಲವು ಕಿಲೋಮೀಟರುಗಳು. ಹಳೆಯ ವಿಮಾನ ನಿಲ್ದಾಣವು ಅದರೊಳಗೆ ಪಾಳುಬಿದ್ದಿದೆ. ರೈತರು ಪಡೆಯ ಅನುಮತಿ ಪಡೆದು ಅಲ್ಲಿನ ತಮ್ಮ ಹೊಲಗಳನ್ನು ಉಳುತ್ತಾರೆ. 2003ರಲ್ಲಿ ದಾಟುದಾರಿಗಳು ತೆರೆದ ಬಳಿಕ ಜನರು ಅತ್ತಿತ್ತ ಓಡಾಡುತ್ತಾರೆ. ಅಲ್ಲಿ ಮತ್ತೆ ದೊಡ್ಡ ಯುದ್ಧವಾಗಿಲ್ಲ, ಒಪ್ಪಂದವೂ ಆಗಿಲ್ಲ. ಪಡೆಯು ಶಾಂತಿಯನ್ನು ಕಾಯುತ್ತಿದೆಯೋ ವಿವಾದವನ್ನು ಕಾಯುತ್ತಿದೆಯೋ ಎಂದು ಕೇಳುವವರಿದ್ದಾರೆ. ಆದರೆ ನಡುವಿನ ವಲಯದಲ್ಲಿ ಗದ್ದಲವೆದ್ದಾಗ ಮೊದಲು ಓಡಿಹೋಗುವವರು ಅದರ ಸೈನಿಕರೇ.

ರುವಾಂಡ ಮತ್ತು ಸ್ರೆಬ್ರೆನಿತ್ಸಾ

ಶೀತಲ ಸಮರ ಮುಗಿದ ಬಳಿಕ ಕಾರ್ಯಾಚರಣೆಗಳ ಸಂಖ್ಯೆ ಹಠಾತ್ತನೆ ಏರಿತು. 1988ರಲ್ಲಿ ಶಾಂತಿಪಾಲನಾ ಪಡೆಗಳಿಗೆ ನೊಬೆಲ್ ಶಾಂತಿ ಪಾರಿತೋಷಕ ಸಂದಿತ್ತು. ನಮೀಬಿಯದ ಸ್ವಾತಂತ್ರ್ಯದ ಚುನಾವಣೆಯನ್ನು 1989ರಲ್ಲಿ ಯಶಸ್ವಿಯಾಗಿ ನಡೆಸಿಕೊಡಲಾಯಿತು. ಅಲ್ಲಿಯ ಸೇನಾ ವಿಭಾಗದ ದಂಡನಾಯಕರು ಭಾರತದ ದಿವಾನ್ ಪ್ರೇಮಚಂದ್. ಆದರೆ ಕಾಯಲು ಶಾಂತಿಯೇ ಇಲ್ಲದ ಸ್ಥಳಗಳಿಗೂ ಪಡೆಗಳನ್ನು ಕಳುಹಿಸುವ ಕಾಲ ಬಂದಿತು.

ರುವಾಂಡದಲ್ಲಿ 1994ರ ಏಪ್ರಿಲ್ 7ರಂದು ಟುಟ್ಸಿ ಜನರ ಹತ್ಯಾಕಾಂಡ ಆರಂಭವಾದಾಗ ಕೆನಡಾದ ಜನರಲ್ ಡಲೇರ್ ಅವರ ನೇತೃತ್ವದ ಪಡೆ ಅಲ್ಲಿತ್ತು. ಮೊದಲ ದಿನವೇ ಬೆಲ್ಜಿಯಂ ದೇಶದ ಹತ್ತು ಸೈನಿಕರನ್ನು ಕೊಲ್ಲಲಾಯಿತು. ಬೆಲ್ಜಿಯಂ ತನ್ನ ತುಕಡಿಯನ್ನು ಹಿಂದಕ್ಕೆ ಕರೆಯಿಸಿಕೊಂಡಿತು. ಡಲೇರ್ ಅವರು ಹೆಚ್ಚಿನ ಬಲ ಕೇಳುತ್ತಿರುವಾಗ ಭದ್ರತಾ ಸಮಿತಿಯು ಏಪ್ರಿಲ್ 21ರಂದು ಪಡೆಯನ್ನು 270 ಮಂದಿಗೆ ಇಳಿಸಿತು. ಸುಮಾರು ನೂರು ದಿನಗಳಲ್ಲಿ ಎಂಟು ಲಕ್ಷದಷ್ಟು ಜನ ಹತರಾದರು.

ಬೋಸ್ನಿಯದ ಸ್ರೆಬ್ರೆನಿತ್ಸಾ ಪಟ್ಟಣವನ್ನು 1993ರ ಏಪ್ರಿಲಿನಲ್ಲಿ "ಸುರಕ್ಷಿತ ಪ್ರದೇಶ" ಎಂದು ಸಮಿತಿ ಘೋಷಿಸಿತ್ತು. ಅಂತಹ ಪ್ರದೇಶಗಳನ್ನು ಬಲದಿಂದ ರಕ್ಷಿಸಲು ಸುಮಾರು 34,000 ಸೈನಿಕರು ಬೇಕೆಂದು ಅಂದಾಜು ಮಾಡಲಾಗಿತ್ತು. ಒಪ್ಪಿಗೆ ದೊರೆತದ್ದು 7,600 ಮಂದಿಗೆ. 1995ರ ಜುಲೈನಲ್ಲಿ ಬೋಸ್ನಿಯದ ಸರ್ಬ್ ಸೇನೆಯು ಆ ಪಟ್ಟಣವನ್ನು ವಶಪಡಿಸಿಕೊಂಡು ಸುಮಾರು 8,000 ಮುಸ್ಲಿಂ ಪುರುಷರನ್ನೂ ಹುಡುಗರನ್ನೂ ಕೊಂದಿತು. ಸುರಕ್ಷಿತವೆಂಬ ಮಾತನ್ನು ನಂಬಿ ಅಲ್ಲಿಗೆ ಓಡಿಬಂದವರು ಅವರಲ್ಲಿ ಅನೇಕರಿದ್ದರು.

ಈ ಎರಡು ದುರಂತಗಳ ತರುವಾಯ ಅಲ್ಜೀರಿಯದ ಲಖ್ದರ್ ಬ್ರಾಹಿಮಿ ಅವರ ಅಧ್ಯಕ್ಷತೆಯ ಸಮಿತಿಯು 2000ದ ಆಗಸ್ಟಿನಲ್ಲಿ ವರದಿ ಒಪ್ಪಿಸಿತು. ಭದ್ರತಾ ಸಮಿತಿಯು ಕೇಳಲು ಬಯಸುವುದನ್ನಲ್ಲ, ಅದು ತಿಳಿಯಬೇಕಾದುದನ್ನು ಸಚಿವಾಲಯವು ಹೇಳತಕ್ಕದ್ದೆಂಬುದು ಆ ವರದಿಯ ಒಂದು ಮುಖ್ಯ ಶಿಫಾರಸು. ಇದಕ್ಕೆ ಮುನ್ನವೇ, 1999ರಲ್ಲಿ, ಸಿಯೆರಾ ಲಿಯೋನಿನ ಪಡೆಗೆ ನಾಗರಿಕರ ರಕ್ಷಣೆಯ ಹೊಣೆಯನ್ನು ಮೊದಲ ಬಾರಿಗೆ ಸ್ಪಷ್ಟವಾದ ಮಾತುಗಳಲ್ಲಿ ವಹಿಸಲಾಗಿತ್ತು. ತರುವಾಯದ ದೊಡ್ಡ ಕಾರ್ಯಾದೇಶಗಳಲ್ಲೆಲ್ಲ ಈ ಹೊಣೆ ಸೇರಿದೆ.

ಇತ್ತೀಚಿನ ಬೆಳವಣಿಗೆಗಳು

1967ರಲ್ಲಿ ಎದ್ದ ಸಮ್ಮತಿಯ ಪ್ರಶ್ನೆಯು ಈಚೆಗೆ ಮತ್ತೆ ಮುಂದೆ ಬಂದಿದೆ. ಮಾಲಿ ದೇಶದ ಸರ್ಕಾರವು 2023ರ ಜೂನಿನಲ್ಲಿ ಪಡೆಯು ತೊಲಗಬೇಕೆಂದು ಕೇಳಿತು. ಡಿಸೆಂಬರ್ ಅಂತ್ಯಕ್ಕೆ ಆ ಕಾರ್ಯಾಚರಣೆ ಮುಕ್ತಾಯವಾಯಿತು. 1978ರಿಂದ ದಕ್ಷಿಣ ಲೆಬನಾನಿನಲ್ಲಿದ್ದ, 1998ರಿಂದ ಭಾರತದ ಬೆಟಾಲಿಯನ್ ಸೇವೆ ಸಲ್ಲಿಸುತ್ತ ಬಂದ ಪಡೆಯ ಅವಧಿಯನ್ನು 2025ರ ಆಗಸ್ಟಿನಲ್ಲಿ ಭದ್ರತಾ ಸಮಿತಿಯು ಕೊನೆಯ ಬಾರಿಗೆಂದು 2026ರ ಡಿಸೆಂಬರ್ 31ರವರೆಗೆ ವಿಸ್ತರಿಸಿತು. ವಂತಿಗೆ ಬಾರದೆ ಹಣದ ಮುಗ್ಗಟ್ಟು ಉಂಟಾದುದರಿಂದ 2025ರ ಅಕ್ಟೋಬರಿನಲ್ಲಿ ಒಂಬತ್ತು ಕಾರ್ಯಾಚರಣೆಗಳಿಂದ ಸುಮಾರು ಕಾಲು ಭಾಗದಷ್ಟು ಸೈನಿಕರನ್ನೂ ಪೊಲೀಸರನ್ನೂ ಹಿಂದಕ್ಕೆ ಕಳುಹಿಸುವ ನಿರ್ಧಾರವನ್ನು ವಿಶ್ವಸಂಸ್ಥೆಯು ಪ್ರಕಟಿಸಿತು. 1948ರಲ್ಲಿ ಆರಂಭವಾದ ಪ್ಯಾಲೆಸ್ತೀನಿನ ವೀಕ್ಷಕ ತಂಡ, 1949ರಲ್ಲಿ ಆರಂಭವಾದ ಕಾಶ್ಮೀರದ ವೀಕ್ಷಕ ತಂಡ ಈ ಲೆಕ್ಕದಲ್ಲಿ ಸೇರುವುದಿಲ್ಲ; ಅವುಗಳ ವೆಚ್ಚ ಇಂದಿಗೂ ವಿಶ್ವಸಂಸ್ಥೆಯ ಸಾಮಾನ್ಯ ಆಯವ್ಯಯದಿಂದಲೇ ನಡೆಯುತ್ತದೆ.